ಸೆಲ್ಫ್ ಹೊಡೆಯದ ಬೆಳಿಗ್ಗೆ

ದೆಹಲಿಯ ಕರೋಲ್ ಬಾಗಿನಲ್ಲಿ ಇಡ್ಲಿ ಹೋಟೆಲು ನಡೆಸುವ ಕುಂದಾಪುರದ ವಸಂತಿ ಈ ಸಂಗತಿಯನ್ನು ಹೇಳಿದ್ದು ಹೀಗೆ.

ನವೆಂಬರಿನ ಒಂದು ಬೆಳಿಗ್ಗೆ, ಹೊಗೆ ಕವಿದು ಎದುರುಮನೆಯೂ ಕಾಣದಿದ್ದಾಗ, ಎಂಟು ವರ್ಷದ ಮಗಳು ನಿರೀಕ್ಷಾಳಿಗೆ ಉಬ್ಬಸ ಕೆರಳಿತು. ಇನ್‌ಹೇಲರ್ ಖಾಲಿಯಾಗಿತ್ತು. ಆಂಬುಲೆನ್ಸಿಗೆ ಮುಕ್ಕಾಲು ಗಂಟೆ ಎಂದರು. ಆಟೋದಲ್ಲಿ ಆ ಹೊಗೆಯನ್ನೇ ಕುಡಿಸುತ್ತ ಕರೆದೊಯ್ಯುವ ಧೈರ್ಯ ಬರಲಿಲ್ಲ. ವಸಂತಿ ಮಗುವನ್ನು ಅಪ್ಪಿಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕುಳಿತಳು. ಗಂಡ ಕರುಣಾಕರ ಕೀಲಿ ತಿರುಗಿಸಿದ. ಎಂಜಿನ್ ಮಿಸುಕಲಿಲ್ಲ.

ಮತ್ತೆ ತಿರುಗಿಸಿದ. ಮಗುವಿನ ಎದೆಯ ಸಿಳ್ಳು ಮಾತ್ರ ಕೇಳಿಸಿತು.

ಗಲ್ಲಿಯ ಮೆಕ್ಯಾನಿಕ್ ಜೀವನ್ ಓಡಿಬಂದ. ಹಾರ್ನ್ ಒತ್ತಿಸಿದ, ಗಟ್ಟಿಯಾಗಿಯೇ ಕೂಗಿತು. “ಬ್ಯಾಟರಿ ಠೀಕ್ ಹೈ,” ಎಂದು ಬಾನೆಟ್ ಎತ್ತಿ, ಎಂಜಿನ್ನನ್ನು ಎಬ್ಬಿಸುವ ಮೋಟಾರನ್ನು, ಅವನ ಮಾತಿನಲ್ಲಿ ಸೆಲ್ಫನ್ನು, ಸ್ಪ್ಯಾನರಿನಿಂದ ತಟ್ಟಿದ. ‘ಟಕ್’ ಎಂಬ ಸದ್ದೂ ಇಲ್ಲ. ಕರುಣಾಕರ ಸ್ಟಿಯರಿಂಗಿಗೆ ಗುದ್ದಿದ.

“ಗಾಡಿ ಹೈ, ದೋಸಾ ನಹೀಂ ಹೈ ಸೇಠ್‌ಜಿ!” ಎಂದ ಜೀವನ್. “ಕ್ಲಚ್ ಪೂರಾ ದಬಾವೋ.”

“ದಬಾಯಾ ತೋ ಹೈ!”

“ಪೂರಾ ನಹೀಂ.”

ಕ್ಲಚ್ಚನ್ನು ತಳಮುಟ್ಟ ಒತ್ತದೆ ಸ್ಟಾರ್ಟ್ ಆಗುವ ಕಾರು ಅದಲ್ಲ. ಕರುಣಾಕರನ ಕಾಲೋ ಅರ್ಧಕ್ಕೇ ತಡೆದು ನಿಂತಿತ್ತು. ಮೊಬೈಲಿನ ಬೆಳಕು ಬಿಟ್ಟು ಬಗ್ಗಿದ ಜೀವನ್ ಹೌಹಾರಿ ಹಿಂದೆ ಸರಿದ. ಪೆಡಲಿನ ಹಿಂದೆ ಕುಂಕುಮ ಮೆತ್ತಿದ ನಿಂಬೆಹಣ್ಣೊಂದು ಸಿಕ್ಕಿಕೊಂಡಿತ್ತು.

“ಹಾಥ್ ಮತ್ ಲಗಾನಾ ಭಾಭೀಜಿ! ಕಿಸೀ ನೇ ಟೋಟ್‌ಕಾ ಕಿಯಾ ಹೈ!”

ಯಾರೋ ಮಾಡಿಸಿದ್ದು, ಮುಟ್ಟಬೇಡಿ ಎಂದ ಅವನಿಗೆ ಮಾಟದ ಭಯ. ದಂಪತಿಯ ಭಯ ಬೇರೆ. ಆಯುಧಪೂಜೆಯಂದು ವಸಂತಿಯೇ ಪೂಜಿಸಿ ಡ್ಯಾಶ್‌ಬೋರ್ಡಿನ ಮೇಲಿಟ್ಟಿದ್ದ ಹಣ್ಣು ಅದು, ಯಾವಾಗಲೋ ಉರುಳಿತ್ತು. ಗಾಡಿಗೆ ತಾಗಿದ ದೃಷ್ಟಿಯನ್ನೆಲ್ಲ ಅದು ಹೀರಿಕೊಳ್ಳುತ್ತದೆ, ಒಳಗೇ ಒಡೆದರೆ ಹೀರಿದ್ದೆಲ್ಲ ಒಳಗಿದ್ದವರ ಮೇಲೆ ಎರಗುತ್ತದೆ ಎಂಬುದು ಅವರ ಮನೆಯ ನಂಬಿಕೆ. ಹಣ್ಣು ಇಡಿಯಾಗಿ ಹೊರಬರುವಂತಿರಲಿಲ್ಲ.

“ಒಡೀಬೇಡ ಮಾರಾಯ್ತಿ, ಮಗು ಒಳಗಿದೆ!”

“ಹೊರಗೆ ಎಲ್ಲಿ ಇಳಿಸ್ಲಿ ಇವಳನ್ನ, ಈ ಹೊಗೆಯಲ್ಲಿ?”

“ಅಮ್ಮಾ, ಸಾಂಸ್... ಉಸಿರು...” ಎಂದ ನಿರೀಕ್ಷಾಳಿಗೆ ಮಾತು ಮುಗಿಸಲಾಗಲಿಲ್ಲ. ತುಟಿ ನೀಲಿಗಟ್ಟಿತ್ತು.

ವಸಂತಿ ಅವಳನ್ನು ಸೀಟಿಗೆ ಒರಗಿಸಿ ಮುಂದೆ ಬಂದು, ಬಗ್ಗಿ, ಹಣ್ಣಿಗೆ ಉಗುರು ನೆಟ್ಟು ಸಿಗಿದಳು. ತುಂಡುಗಳು ಕೈಗೆ ಬಂದವು. ಕರುಣಾಕರ ಕಣ್ಣು ಮುಚ್ಚಿ ಕ್ಲಚ್ ಒತ್ತಿ ಕೀಲಿ ತಿರುಗಿಸಿದ. ಎಂಜಿನ್ ಎದ್ದಿತು.

ದಾರಿಯಲ್ಲಿ ಒಂದು ಸಿಗ್ನಲಿನ ಬಳಿ ಎದೆಯ ಸಿಳ್ಳು ನಿಂತೇಹೋಯಿತು. ಹಣ್ಣು ಒಡೆದದ್ದಕ್ಕೇ ಮಗುವಿನ ಉಸಿರು ನಿಂತಿತೆಂದು ವಸಂತಿ ಬಗೆದಳು. “ಸಿಗ್ನಲ್ ನೋಡ್ಬೇಡಿ, ಹೊಡೀರಿ!” ಎಂದು ಕಿರುಚಿದಳು.

ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿದ ಎಷ್ಟೋ ಹೊತ್ತಿನ ಮೇಲೆ ಮಗುವಿನ ತುಟಿಗೆ ಬಣ್ಣ ಬಂತು. ಮಾಸ್ಕ್ ಸರಿಸಿ, “ಅಮ್ಮಾ, ನಿನ್ನ ಹಾಥ್ ಖಟ್ಟಾ ಸ್ಮೆಲ್, ನಿಂಬೆಹಣ್ಣಿನ ಥರ,” ಎಂದಳು.

“ಕೈ ತೊಳ್ಕೊಂಡು ಬಾ,” ಎಂದ ಕರುಣಾಕರ.

“ಇರಿ,” ಎಂದಳು ವಸಂತಿ, “ಈ ವಾಸನೇನೇ ಇನ್ನೊಂದಿಷ್ಟು ಉಸಿರಾಡ್ಲಿ.”