ಒಣಗಿದ ಬೂದಿ

ಕುರಿಗಳ ರೋಗಕ್ಕೆ ಔಷಧಿ ಕೊಡುವುದರಲ್ಲಿ ಭಾತಂಬ್ರಾದ ಧೊಂಡಿಬಾನಿಗೆ ದೊಡ್ಡ ಹೆಸರು. ಔರಾದ ಕಡೆಯಿಂದಲೂ ಜನ ಬಸ್ಸು ಹತ್ತಿ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಅವನ ಹೆಂಡತಿ ಸಖುಬಾಯಿಯೂ ನಲವತ್ತು ವರ್ಷ ಅದೇ ಕುರಿಗಳ ಹಿಂದೆ ತಿರುಗಿದವಳೇ. ಆದರೆ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಬಂದವರಿಗೆ ಚಹಾ ಮಾಡಿಕೊಡುವುದಷ್ಟೇ ಅವಳ ಪಾಲಿನ ಕೆಲಸ.

ಅವಳದೊಂದು ಗಂಡುಬೆಕ್ಕಿತ್ತು, ಮೋತ್ಯಾ. ಆ ಮಂಗಳವಾರ ಅದು ಹಾಲು ಮೂಸಿ ನೋಡಿ ಬಿಟ್ಟುಬಿಟ್ಟಿತು. ಹಿತ್ತಲಿನ ಬೂದಿಗುಂಡಿಗೆ ಹೋಗಿ ಕುಳಿತು ತಿಣುಕಿತು, ಎದ್ದು ಬಂತು, ಮತ್ತೆ ಹೋಯಿತು. ಕುಳಿತಾಗಲೆಲ್ಲ ಮಗು ಅತ್ತಂತೆ ಕೂಗುತ್ತಿತ್ತು.

“ಹೊಟ್ಟಿ ಕಟ್ಟೇದ. ಒಂದು ಚಮಚ ಔಡಲ ಎಣ್ಣಿ ಹಾಕು, ಸಂಜಿಗಿ ಸರಿ ಆಗ್ತದ,” ಎಂದ ಧೊಂಡಿಬಾ.

ಸಖುಬಾಯಿ ಹರಳೆಣ್ಣೆಯ ಬಾಟಲಿ ತಂದಳು, ಮುಚ್ಚಳ ತೆಗೆಯಲಿಲ್ಲ. ಗುಂಡಿಯ ಬಳಿ ಕುಕ್ಕರಗಾಲಲ್ಲಿ ಕುಳಿತು, ಬೆಕ್ಕು ಕೂತಿದ್ದ ಐದಾರು ಕಡೆ ಬೆರಳಾಡಿಸಿದಳು. ಬೂದಿ ಎಲ್ಲ ಕಡೆಯೂ ಒಣಗಿಯೇ ಇತ್ತು.

“ಹೊಟ್ಟಿ ಕಟ್ಟಿಲ್ಲರಿ. ಮುಂಜಾನೆ ಹೇತದ, ನಾನೇ ನೋಡೇನಿ. ಇದಕ್ಕ ಉಚ್ಚಿ ನಿಂತದ.”

“ನಿನಗ ಹ್ಯಾಂಗ ಗೊತ್ತು?”

“ಬೂದಿ ಮುಟ್ಟಿ ನೋಡ್ರಿ. ಇಷ್ಟು ಸಲ ಕುಂತದ, ಒಂದು ಹನಿ ಬಿದ್ದಿಲ್ಲ. ನಮ್ಮ ಕರಿ ಟಗರು ಹಿಂಗೇ ಮಾಡಿತ್ತಲ್ಲರಿ? ಎರಡು ದಿನ ಎಣ್ಣಿ ಕುಡಿಸಿದ್ರಿ. ಮೂರನೇ ದಿನ ಸತ್ತಿತು.”

ಧೊಂಡಿಬಾ ಬಗ್ಗಿ ಬೂದಿ ಮುಟ್ಟಿ ನೋಡಿದ. ಅಷ್ಟರಲ್ಲಿ ಮೋತ್ಯಾ ಬಾಗಿಲ ಬಳಿ ವಾಂತಿ ಮಾಡಿ, ಅಲ್ಲೇ ಮೈ ಚೆಲ್ಲಿತು.

“ಸಂಜಿ ತನಕ ಕಾಯೂದಿಲ್ಲ. ಶಿವಕಾಂತ, ಗಾಡಿ ತೆಗಿ,” ಎಂದಳು ಸಖುಬಾಯಿ ಮಗನಿಗೆ. ಗಂಡನ ಒಪ್ಪಿಗೆ ಕೇಳಬೇಕೆಂಬುದು ಅವಳಿಗೆ ನೆನಪಾಗಲೇ ಇಲ್ಲ. ಬುಟ್ಟಿಯಲ್ಲಿ ಹಳೆಯ ಸೀರೆ ಹಾಸಿ ಬೆಕ್ಕನ್ನು ಮಲಗಿಸಿ, ಮಗನ ಮೋಟಾರ್‌ಸೈಕಲ್ಲಿನ ಹಿಂದೆ ಕುಳಿತಳು.

ಭಾಲ್ಕಿಯ ದನದ ದವಾಖಾನೆಯಲ್ಲಿ ಡಾಕ್ಟರ್ ಆಮ್ರಪಾಲಿ ಬೆಕ್ಕಿನ ಹೊಟ್ಟೆ ಮೆಲ್ಲಗೆ ಒತ್ತಿ ನೋಡಿದರು. ಮುಖ ಗಂಭೀರವಾಯಿತು. “ಉಚ್ಚಿ ಚೀಲ ಕಲ್ಲಿನಂಗ ಆಗ್ಯಾದ.” ಮಂಪರಿನ ಸೂಜಿ ಕೊಟ್ಟು, ಎಳೆಯಂಥ ನಳಿಗೆಯೊಂದನ್ನು ಮೂತ್ರದ ದಾರಿಯಲ್ಲಿ ತೂರಿಸಿದರು. ಮೊದಲು ಕೆಂಪು ಹನಿ, ಆಮೇಲೆ ಧಾರೆ. ಸಖುಬಾಯಿ ಆಗ ಉಸಿರುಬಿಟ್ಟಳು.

“ಎಣ್ಣಿ ಏನರೆ ಕುಡಿಸೀರೇನ್ರಿ?” ಎಂದು ಡಾಕ್ಟರು ಕೇಳಿದರು.

“ಇಲ್ಲರಿ.”

“ಛಲೋ ಮಾಡೀರಿ. ನಾಳಿಗಿ ತಂದಿದ್ರ ನನ್ನ ಕೈಲೂ ಆಗ್ತಿರಲಿಲ್ಲ. ಯಾರು ಗುರ್ತು ಹಿಡಿದ್ರು?”

“ನಮ್ಮವ್ವರಿ!” ಎಂದ ಶಿವಕಾಂತ, ದವಾಖಾನೆಗೆಲ್ಲ ಕೇಳುವಂತೆ.

ಡಾಕ್ಟರು, ಬೀದರಿನಿಂದ ಕೆಲಸ ಕಲಿಯಲು ಬಂದಿದ್ದ ಇಬ್ಬರು ಹುಡುಗಿಯರನ್ನು ಕರೆದರು. “ಅವ್ವಾರ, ಇವರಿಗೂ ಹೇಳ್ರಿ. ಏನು ನೋಡಿದ್ರಿ?”

ಸಖುಬಾಯಿ ಮೊದಲು ನಾಚಿದಳು, ಆಮೇಲೆ ಹೇಳುತ್ತಾ ಹೋದಳು. ಬೆಕ್ಕು ಎಷ್ಟು ಸಲ ಕೂತಿತು, ಹೇಗೆ ಕೂಗಿತು, ಹಿಂಭಾಗವನ್ನು ಹೇಗೆ ನೆಕ್ಕಿಕೊಂಡಿತು, ಬೂದಿ ಹೇಗಿತ್ತು. ಹುಡುಗಿಯರು ಬರೆದುಕೊಂಡರು. ಒಬ್ಬಳು ಹೆಸರು ಕೇಳಿದಾಗ ಅವಳು ಬೆನ್ನು ನೆಟ್ಟಗೆ ಮಾಡಿ, “ಸಖುಬಾಯಿ. ಭಾತಂಬ್ರಾ,” ಎಂದಳು.

ದವಾಖಾನೆಯಲ್ಲೇ ಬಿಟ್ಟುಬಂದಿದ್ದ ಬೆಕ್ಕನ್ನು ಮೂರನೇ ದಿನ ಕರೆದುಕೊಂಡು ಬರಲು ಧೊಂಡಿಬಾನೇ ಜೊತೆಗೆ ಬಂದ. ಬಸ್ಸಿನಲ್ಲಿ ಬುಟ್ಟಿಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡ. ಪಕ್ಕದಲ್ಲಿದ್ದವನು ಏನಾಗಿತ್ತೆಂದು ವಿಚಾರಿಸಿದ.

“ನಾನು ತಪ್ಪು ಹೇಳಿದ್ದೆ,” ಎಂದ ಧೊಂಡಿಬಾ, ಮುಚ್ಚುಮರೆಯಿಲ್ಲದೆ. “ಇಕಿ ಕೇಳಲಿಲ್ಲ. ಅದಕ್ಕ ಉಳೀತು.”

ಸಖುಬಾಯಿ ಕಿಟಕಿಯ ಆಚೆ ತೊಗರಿ ಹೊಲಗಳನ್ನು ನೋಡುತ್ತ ಕುಳಿತಿದ್ದಳು. ನಗು ಮಾತ್ರ ಅಡಗುತ್ತಿರಲಿಲ್ಲ.