ಅಳತೆ ಪುಸ್ತಕದ ಗುಟ್ಟು

ಟೈಲರಮ್ಮನ ಅಳತೆ ಪುಸ್ತಕಕ್ಕೆ ಹನ್ನೆರಡು ವರ್ಷ. ಹಾಳೆ ಮುಟ್ಟಿದರೆ ಹರಿಯುತ್ತಿತ್ತು, ಅಂಕಿಗಳು ಮಾಸಿದ್ದವು. ಹೋದ ತಿಂಗಳು ಒಬ್ಬಳ ಸೊಂಟದ ಅಳತೆ ಇನ್ನೊಬ್ಬಳ ಅಂಗಿಗೆ ಹೋಗಿ, ಅಂಗಿಯವಳು ಮೂರು ದಿನ ಮಾತು ಬಿಟ್ಟಿದ್ದಳು. ಅಂಥ ಹೊತ್ತಿನಲ್ಲಿ ಫೋನಿಗೊಂದು ಆ್ಯಪ್ ಸಿಕ್ಕಿತು. ಹಾಳೆಯ ಫೋಟೊ ತೆಗೆದರೆ ಸಾಕು, ಅಳತೆಯೆಲ್ಲ ಅದೇ ನೆನಪಿಟ್ಟುಕೊಳ್ಳುತ್ತದಂತೆ. ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಅನ್ನುವ ಜನ ನಾವು. ಟೈಲರಮ್ಮ ಅದು ಕೇಳಿದ್ದಕ್ಕೆಲ್ಲ ‘ಒಪ್ಪಿಗೆ’ ಒತ್ತಿ, ಮೊದಲ ಹಾಳೆಗೆ ಫೋನ್ ಹಿಡಿದಳು.

ಅಷ್ಟರಲ್ಲಿ ನಾದಿನಿ ಜಾಕೆಟ್ಟು ಹಿಡಿದು ಮಹಡಿಯಿಂದ ಇಳಿದು ಬಂದಳು. ಸಾಫ್ಟ್‌ವೇರ್ ಬರೆಯುವ ಜಾಣೆ. ಜಾಕೆಟ್ಟಿನ ಗುಂಡಿ ಕಿತ್ತುಬಂದರೆ ಮಾತ್ರ ಅತ್ತಿಗೆಯೇ ಬೇಕು. ಫೋನ್ ಇಸಿದುಕೊಂಡು ಷರತ್ತುಗಳನ್ನು ಓದಿದಳು. ಹೆಸರು, ನಂಬರು, ಅಳತೆ ಎಲ್ಲವನ್ನೂ ಬೇರೆ ಕಂಪನಿಗಳಿಗೂ ಕೊಡುತ್ತೇವೆಂದು ಅದರಲ್ಲೇ ಬರೆದಿತ್ತು.

“ಕೊಡಲಿ ಬಿಡೆ. ಸೊಂಟದ ಅಳತೆ ಕಟ್ಕೊಂಡು ಅವರಿಗೇನಾಗಬೇಕು?” ಎಂದಳು ಟೈಲರಮ್ಮ.

“ತೆಳ್ಳಗಾಗೋ ಔಷಧಿ ಮಾರ್ತಾರೆ. ಪುಕ್ಕಟೆ ಅಂದ್ರೆ ಬೆಲೆ ಇನ್ಯಾರೋ ಕೊಡ್ತಿದ್ದಾರೆ ಅಂತ ಅತ್ತಿಗೆ. ಇಲ್ಲಿ ಕೊಡೋರು ನಿನ್ನ ಪುಸ್ತಕದಲ್ಲಿರೋ ಹೆಂಗಸರು.”

ಇವಳದು ಎಲ್ಲ ಅತಿ ಎಂದುಕೊಂಡು ಟೈಲರಮ್ಮ ಗುಂಡಿ ಹಚ್ಚಲು ಕೂತಳು. ಕಿಟಕಿಯ ಎಳೆಬಿಸಿಲಿಗೆ ಜೊಂಪು ಹತ್ತಿತು. ಕನಸಿನಲ್ಲಿ ಪುಸ್ತಕ ತಾನಾಗಿ ತೆರೆದುಕೊಂಡಿತು. ಅಂಕಿಗಳು ಒಂದೊಂದಾಗಿ ಎದ್ದು, ಮೆಲ್ಲಗೆ ತೇಲುತ್ತ, ಕಿಟಕಿ ದಾಟಿ ಬೀದಿಗಿಳಿದವು. ಅಲ್ಲಿ ಮುಖವಿಲ್ಲದವರು ನಿಂತು ಅವನ್ನು ಗಟ್ಟಿಯಾಗಿ ಓದುತ್ತಿದ್ದರು. ಕೊನೆಗೆ ಊರ ಶಾಲೆಯ ಟೀಚರಮ್ಮನ ಹಾಳೆ ಬಂತು. ಬಲಕ್ಕೊಂದು ಅಳತೆ, ಎಡಕ್ಕೆ ಸೊನ್ನೆ. ಎಡ ಎದೆ ತೆಗೆದ ಆಪರೇಷನ್ ಆದಮೇಲೆ ಅವರ ಜಾಕೆಟ್ಟಿನ ಆ ಕಡೆಗೆ ಹತ್ತಿ ತುಂಬಿ ಹೊಲಿಯುವುದು ಶಾಲೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆ ಸೊನ್ನೆ ಬಳೆಯ ಹಾಗೆ ಉರುಳುತ್ತ ಶಾಲೆಯ ಕಡೆಗೇ ಹೊರಟಿತು. ಹಿಡಿಯೋಣವೆಂದರೆ ಇವಳಿಗೆ ಕಾಲೇ ಏಳಲಿಲ್ಲ.

ಎಚ್ಚರವಾದದ್ದೇ ಪುಸ್ತಕ ಮುಚ್ಚಿದಳು. “ತೆಗೆದುಹಾಕು ಅದನ್ನ. ನನ್ನನ್ನ ನಂಬಿ ಅಳತೆ ಕೊಟ್ಟಿದ್ದಾರೆ ಕಣೆ,” ಎಂದಳು.

ನಾದಿನಿ ತೆಗೆದುಹಾಕಿದಳು. ಆಮೇಲೆ ಜಾಕೆಟ್ಟಿನ ಒಳಮೈ ಹೊರಗೆ ಮಾಡಿ ಹೊಲಿಗೆ ತೋರಿಸಿದಳು. ಹೀಗೇ ಒಳಮೈ ತೋರಿಸುವ ಸಾಫ್ಟ್‌ವೇರೂ ಉಂಟು, ಓಪನ್ ಸೋರ್ಸ್ ಅನ್ನುತ್ತಾರೆ. ಬಲ್ಲವರು ಯಾರಾದರೂ ಪರೀಕ್ಷಿಸಬಹುದು, ಬಿಚ್ಚಿ ತಿದ್ದಬಹುದು ಎಂದಳು. ಅಂಥದ್ದೊಂದು ಅವಳಿಗೆ ಗೊತ್ತಿತ್ತು; ಅದರಲ್ಲಿ ಅಳತೆ ಈ ಫೋನ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.

“ಎಲ್ಲರೂ ನೋಡೋದಾದ್ರೆ ಟೀಚರಮ್ಮನ ಹಾಳೆನೂ ನೋಡಲ್ವಾ?”

“ನೋಡೋದು ಹೊಲಿಗೆನ ಅತ್ತಿಗೆ. ತೊಟ್ಟೋರನ್ನಲ್ಲ.”

ಆದರೆ ಆ ಆ್ಯಪಿನಲ್ಲಿ ಎದೆಯಳತೆ ಬರೆಯಲು ಒಂದೇ ಮನೆ ಇತ್ತು. ನಾದಿನಿ ಎರಡು ದಿನ ಕೂತು ಎಡಕ್ಕೊಂದು, ಬಲಕ್ಕೊಂದು ಮಾಡಿ, ತಿದ್ದಿದ್ದನ್ನು ಎಲ್ಲರೂ ಬಳಸಲೆಂದು ಇಂಟರ್‌ನೆಟ್ಟಿಗೆ ಬಿಟ್ಟಳು. ನಾಲ್ಕನೆಯ ದಿನ ಎಲ್ಲಿಯವಳೋ ಒಬ್ಬ ಟೈಲರ್ ಅದರಡಿ ಬರೆದಿದ್ದಳು: “ನನ್ನ ಹತ್ರನೂ ಇಂಥವರೊಬ್ಬರು ಬರ್ತಾರೆ. ಇಷ್ಟು ದಿನ ಅವರ ಅಳತೆನ ಚೀಟೀಲಿ ಬಚ್ಚಿಡ್ತಿದ್ದೆ.” ಓದಿ ಟೈಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ‘ಒಪ್ಪಿಗೆ’ ಒತ್ತುವ ಮುಂಚೆ ಒಂದು ಗಳಿಗೆ ಬೆರಳು ತಡೆಯಿರಿ. ಈ ವಿವರ ಯಾಕೆ ಬೇಕು, ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಒಳಮೈ ತೋರಿಸುವ ಆ್ಯಪ್ ಇದೆಯೇ ಎಂದು ಬಲ್ಲವರಲ್ಲಿ ವಿಚಾರಿಸಿ. ನಿಮ್ಮ ಫೋನಿನಲ್ಲಿರುವುದು ನಿಮ್ಮ ಗುಟ್ಟಷ್ಟೇ ಅಲ್ಲ, ನಿಮ್ಮನ್ನು ನಂಬಿದವರದೂ ಇದೆ.