ಮೀನಿನ ಹರಳು

ವಿನೆಗರ್ ಕಾದ ಘಾಟು ಮೂಗಿಗೆ ಏರುತ್ತಿದೆ, ಅದರಡಿಯಲ್ಲಿ ಇನ್ನೂ ಟಿನ್ನಿನ ಮೀನಿನ ವಾಸನೆ, ಥೂ, ಮೂರು ಸಲ ಸೋಪು ಹಾಕಿದರೂ ಬೆರಳ ಸಂದಿಯಿಂದ ಹೋಗದು, ಒಂಬತ್ತು ವರ್ಷದಿಂದ ಈ ಹೈವೇ ಹೋಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದೇನೆ, ಒಂದು ದಿನವೂ ಮೀನನ್ನು ನಾಲಗೆಗೆ ಇಟ್ಟವನಲ್ಲ, ಕೊರಳಲ್ಲಿ ಲಿಂಗವಿದೆ, ಉಪ್ಪು ಖಾರ ನೋಡುವುದಕ್ಕೂ ಬೇರೆಯವರನ್ನೇ ಕರೆಯುತ್ತೇನೆ — ಬೆಂಕಿ ಸಣ್ಣ ಮಾಡು ಶಾಂತಮಲ್ಲಪ್ಪ ಅಂದುಕೊಳ್ಳುತ್ತೇನೆ, ಕುದಿಯಬಾರದು, ಬಿಸಿಯಾದರೆ ಸಾಕು ಅಂದಿದ್ದಾನೆ ಸೊಹೈಲ್, ಗುಂಡ್ಲುಪೇಟೆಯಿಂದ ನಮಗೆ ಟಿನ್ನು ತಂದುಹಾಕುವವನು, ಫೋನಿನಲ್ಲಿ, ಅಣ್ಣಾ ಅದು ಗಾಜಲ್ಲ, ಟಿನ್ನೊಳಗೆ ತಾನಾಗೇ ಕಟ್ಟೋ ಹರಳು, ಸ್ಟ್ರುವೈಟ್ ಅಂತಾರೆ, ಮೀನಿನ ಮೈಯಲ್ಲಿರೋ ಫಾಸ್ಫೇಟು, ಅಮೋನಿಯಾ, ಸಮುದ್ರದ ನೀರಿನ ಮೆಗ್ನೀಸಿಯಂ ಎಲ್ಲಾ ಸೇರ್ಕೊಂಡು ಕಲ್ಲಾಗುತ್ತೆ, ಎಲ್ಲೋ ಸಾವಿರಕ್ಕೊಂದು ಟಿನ್ನಲ್ಲಿ, ತಿಂದ್ರೂ ಏನೂ ಆಗಲ್ಲ, ಬಿಸಿ ವಿನೆಗರ್‌ಗೆ ಹಾಕಿ, ಗಾಜಾದ್ರೆ ಹಂಗೇ ಇರುತ್ತೆ, ಹರಳಾದ್ರೆ ಕರಗೋಗುತ್ತೆ. ಆಮೇಲೆ ನಗುತ್ತಾ, ಮೂತ್ರದಲ್ಲಿ ಕಟ್ಟೋ ಕಲ್ಲೂ ಕೆಲವು ಇದೇ ಅಣ್ಣಾ. ಅವನು ಇದನ್ನೆಲ್ಲ ಹೇಳಿದ್ದು ಮೂರು ಗಂಟೆಗೆ, ಎರಡಕ್ಕೇ ನಾನು ಎಲ್ಲ ಮುಗಿಸಿಬಿಟ್ಟಿದ್ದೆ.

ಗುರುಮಲ್ಲಮ್ಮಕ್ಕ ನಮ್ಮೂರಿನವಳು, ಉಮ್ಮತ್ತೂರು, ನಮ್ಮ ಮನೆಯಿಂದ ಎರಡು ಮನೆ ಆಚೆ, ಅವಳ ಕೊರಳಲ್ಲೂ ಲಿಂಗ, ಕೆಲಸಕ್ಕೆ ಕರೆತಂದವನೂ ನಾನೇ, ಪಾತ್ರೆ ತೊಳ್ಯೋದಷ್ಟೇ ಕಣಕ್ಕ, ಮೀನು ಮುಟ್ಟೋದ್ ಬ್ಯಾಡ. ಇವತ್ತು ಕೇರಳದ ಹಸಿ ಮೀನಿನ ಗಾಡಿ ಕಾಡಿನ ಚೆಕ್‌ಪೋಸ್ಟ್ ಗೇಟಿನಾಚೆ ನಿಂತುಹೋಯಿತು, ಟಿನ್ನಿನ ಮೀನೇ ಗತಿ, ಆಳೂ ಕಡಿಮೆ, ಟಿನ್ನು ತಾನೆ ಅಕ್ಕ, ಮುಚ್ಳ ತೆಗ್ದು ಬಗ್ಗಿಸ್ಬುಡು ಅಂದೆ, ಪಾಪ, ಕೈಗೆ ಪ್ಲಾಸ್ಟಿಕ್ ಕವರು ಸುತ್ತಿಕೊಂಡು, ಮುಖ ಆ ಕಡೆ ತಿರುಗಿಸಿಕೊಂಡು ಬಗ್ಗಿಸಿದಳು. ಬೆಳಿಗ್ಗೆ ಅವಳ ಕೈಯಲ್ಲೇ ಒಂದು ಗಾಜಿನ ಲೋಟ ಒಡೆದಿತ್ತು. ಮಧ್ಯಾಹ್ನ ಕಣ್ಣೂರಿನ ಹೆಂಗಸೊಬ್ಬಳು ಆ ಮೀನಿನ ಕಟ್ಲೆಟ್ ತಿನ್ನುತ್ತಾ ಬಾಯಿಂದ ಜೊಲ್ಲಿನ ಸಮೇತ ಒಂದು ಚೂರು ತೆಗೆದು ತಟ್ಟೆಗೆ ಟಣ್ ಅಂತ ಹಾಕಿದಳು, ಗ್ಲಾಸ್, ಗ್ಲಾಸ್ ಅಂತ ಕೂಗಾಟ, ಫೋನ್ ಎತ್ತಿ ವಿಡಿಯೋ, ಓನರ್ ಚೆಲುವಯ್ಯನವರು ಓಡಿಬಂದು, ಯಾವಳ್ಲಾ ಟಿನ್ ತೆಗ್ದವ್ಳು — ಅವರು ಕೇಳಿದ್ದು ಅಷ್ಟೇ, ಉಳಿದದ್ದೆಲ್ಲ ನಾನು. ನಿನ್ ಲೋಟದ ಚೂರೇ ಕಣಕ್ಕ. ಇಲ್ಲ ಕಣಪ್ಪ, ಎಲ್ಲನೂವೆ ಗುಡ್ಸಿ ಎಸ್ದಿವ್ನಿ, ಲಿಂಗದಾಣೆ. ಗಾಜಿಲ್ದಿದ್ರೆ ತಿನ್ನು ಮತ್ತೆ, ಇವ್ರ ಮುಂದೇನೆ ತಿನ್ನು, ಅಂತ ಆ ಎಂಜಲು ತಟ್ಟೆಯಿಂದಲೇ ಒಂದು ತುಂಡು ಎತ್ತಿ — ಈ ಕೈಯಲ್ಲೇ, ಥೂ, ನನ್ನ ಜನ್ಮಕ್ಕಿಷ್ಟು — ಅವಳ ಬಾಯಿಗೆ. ಅವಳ ಒಂದು ಕೈ ಕೊರಳಿನ ಲಿಂಗದ ಕರಡಿಗೆಯನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಅಗಿಯಲಿಲ್ಲ, ನುಂಗಲಿಲ್ಲ, ಕೆನ್ನೆ ಉಬ್ಬಿಸಿಕೊಂಡು ನಿಂತಳು. ಕಣ್ಣೂರಿನವಳೇ ಮುಖ ತಿರುಗಿಸಿದಳು, ನಾನು ತಿರುಗಿಸಲಿಲ್ಲ.

ಬಿಸಿಯಾಯಿತು, ಹಾಕು, ಕಾಗದದಲ್ಲಿ ಕಟ್ಟಿಟ್ಟ ಆ ಚೂರನ್ನು ತೆಗೆದು ಹಾಕು, ಜೀರಿಗೆಗಿಂತ ತುಸು ದಪ್ಪ, ಎಷ್ಟು ಚೆನ್ನಾಗಿ ಹೊಳೆಯುತ್ತದೆ ಕಳ್ಳನನ್ಮಗಂದು, ಮುಳುಗಿತು, ಹಾಗೇ ಇದೆ, ಹಾಗೇ ಇರು ಶಿವನೇ, ಗಾಜಾಗಿರು, ಗಾಜಾಗಿದ್ದರೆ ನಾನು ಮಾಡಿದ್ದಕ್ಕೊಂದು ನೆಪವಾದರೂ ಉಳಿಯುತ್ತದೆ, ಕರಗಬೇಡ — ಅಂಚು ಮಸುಕಾಗುತ್ತಿದೆಯೇ, ಚಮಚದಲ್ಲಿ ಎತ್ತಿ ಉಗುರಿನಲ್ಲಿ ಗೀರಿದೆ, ಗೀರು ಬಿತ್ತು, ಬಿಳೀ ಪುಡಿ, ಗಾಜಿಗೆ ಉಗುರು ತಾಗುತ್ತದೆಯೇ, ಗೊತ್ತಾಯಿತು, ಇಷ್ಟಕ್ಕೇ ಗೊತ್ತಾಯಿತು, ಇಲ್ಲೇ ನಿಲ್ಲಿಸಬೇಕು, ಉಳಿದ ಚೂರನ್ನು ಚೆಲುವಯ್ಯನವರಿಗೆ ತೋರಿಸಿ ಅವರ ಕಣ್ಣೆದುರಿಗೇ ಕರಗಿಸಬೇಕು, ಅವಳದ್ದೇನೂ ತಪ್ಪಿಲ್ಲ ಅನ್ನಬೇಕು, ಕರೆಯಬೇಕು, ಕರೆಯುತ್ತೇನೆ, ಮತ್ತೆ ವಿನೆಗರಿಗೆ ಹಾಕಿದ್ದೇಕೆ, ಅರ್ಧ ಆಯಿತು, ಸಾಸಿವೆಯಷ್ಟು, ಕೂಗು, ಬಾಯಿ ಬರುತ್ತಿಲ್ಲ, ಇಲ್ಲ. ನೀರು. ಬರೀ ನೀರು.

ಏನ್ಲಾ ಅದು ಘಾಟು, ಬಾಗಿಲಲ್ಲಿ ಚೆಲುವಯ್ಯನವರು. ಅದು ಗಾಜಲ್ಲ ಅಣ್ಣೋ, ಮೀನಿಂದೇ ಹರಳಂತೆ, ಕರಗೋಯ್ತು. ಎಲ್ಲಿ ತೋರ್ಸು. ಬಾಣಲೆ ತೋರಿಸಿದೆ. ಬಗ್ಗಿ ನೋಡಿದರು, ನನ್ನನ್ನು ನೋಡಿದರು, ನೀರ್ ತೋರ್ಸಿ ಏನ್ಲಾ ಯೋಳಿಯೇ, ನಿಮ್ಮೂರೋಳು ಅಂತ ವಹಿಸ್ಕೋಬ್ಯಾಡ, ನಾಳಿಂದ ಬ್ಯಾರೆಯವ್ಳ ನೋಡು. ಹೋದರು. ಎರಡೂಕಾಲಕ್ಕೆ ಅವಳು ಚೀಲ ಎತ್ತಿಕೊಂಡು ರಸ್ತೆ ದಾಟಿ ಚಾಮರಾಜನಗರದ ಬಸ್ಸು ಹತ್ತುವಾಗಲೂ ಬಾಯಿ ತೆರೆದಿರಲಿಲ್ಲ, ಕಿಟಕಿಯಲ್ಲೂ ಕೆನ್ನೆ ಉಬ್ಬಿಯೇ ಇತ್ತು, ಉಗುಳು ಅಂತ ನಾನು ಹೇಳಿರಲಿಲ್ಲ, ತಿನ್ನು ಅಂದವನು ಉಗುಳು ಅನ್ನಬೇಕಿತ್ತು, ಉಗುಳಕ್ಕಾ, ಈಗಲಾದರೂ, ಎಲ್ಲಿದ್ದೀಯೋ ಅಲ್ಲೇ ಉಗುಳು, ನನ್ನ ಮುಖಕ್ಕೇ ಉಗುಳು — ಕಣ್ಣು ಮುಚ್ಚಿದರೂ ಅವಳೇ, ಕೆನ್ನೆ ಉಬ್ಬಿದೆ, ತುಟಿ ಬಿಗಿದಿದೆ, ಒಂದು ಮಾತಿಗೆ ಕಾದು ನನ್ನ ಬಾಯನ್ನೇ ನೋಡುತ್ತಿದ್ದಾಳೆ